ನೀಲವ್ವ ತೊಳೆಯದ ಸೊಪ್ಪು

ಶಾಂಭವಿ ಕೃಷಿ ವ್ಯಾಪಾರದಲ್ಲಿ ಎಂ.ಬಿ.ಎ. ಓದುತ್ತಿದ್ದಳು. ಕೊನೆಗೆ ಮೂರು ತಿಂಗಳು ಹಳ್ಳಿಯಲ್ಲಿದ್ದು ಕೆಲಸ ಮಾಡಿ ತೋರಿಸಿದರಷ್ಟೇ ಪದವಿ. ಅವಳಿಗೆ ಸಿಕ್ಕಿದ್ದು ಮೆಂತೆ ಸೊಪ್ಪು ಬೆಳೆಯುವ ಹನ್ನೆರಡು ಹೆಂಗಸರ ಸಂಘ. ಪಟ್ಟಣದ ದೊಡ್ಡ ಅಂಗಡಿಯವರು ಮರುದಿನ ಬೆಳಿಗ್ಗೆ ಸೊಪ್ಪು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಹೆಂಗಸರು ಬುಟ್ಟಿ ಹೊತ್ತು ಓಣಿ ಓಣಿ ಕೂಗುತ್ತಾ ತಿರುಗುವುದು ತಪ್ಪುತ್ತಿತ್ತು.

"ಬೇರು ಕತ್ತರಿಸ್ರಿ, ಚಲೋತಂಗ ತೊಳೀರಿ, ಕವರಿನ್ಯಾಗ ತುಂಬಿ ಬಾಯಿ ಮುಚ್ಚ್ರಿ. ಮಣ್ಣು ಕಾಣಬಾರದು" ಎಂದಳು ಶಾಂಭವಿ.

ಹೆಂಗಸರು ಮುಖ ಮುಖ ನೋಡಿಕೊಂಡರು. ಹಿರಿಯಳಾದ ನೀಲವ್ವ, "ತಂಗೀ, ಹಿಂಗ ತೊಳದು ಮುಚ್ಚಿದ್ರ..." ಎಂದು ಬಾಯಿ ತೆರೆದಳು.

"ಕಾಕೂ, ಇದನ್ನ ಎರಡು ವರ್ಷ ಓದೀನಿ. ನನಗ ಗೊತ್ತೈತಿ."

ನೀಲವ್ವ ಉಳಿದವರೊಂದಿಗೆ ಬೇರು ಕತ್ತರಿಸಲು ಕೂತಳು. ಇಷ್ಟು ಓದಿದ ಹುಡುಗಿಗೆ ತಾನೇನು ಹೇಳುವುದು?

ಬೆಳಿಗ್ಗೆ ಶಾಂಭವಿ ಒಂದು ಕವರು ಬಿಚ್ಚಿದಳು. ಗಬ್ಬು ವಾಸನೆ. ಎಲೆಯೆಲ್ಲ ಹಳದಿಯಾಗಿ ಲೋಳೆ ಲೋಳೆ. ಇನ್ನೊಂದು ಬಿಚ್ಚಿದಳು, ಅದೂ ಹಾಗೆಯೇ. ಅಂಗಡಿಯವರು ಬರಲು ಅರ್ಧ ತಾಸೂ ಇರಲಿಲ್ಲ.

"ಹನ್ನೆರಡು ಮಂದಿ ಇದ್ದೀರಿ, ಒಬ್ಬರರೆ ಹೇಳಬಾರದಿತ್ತೇನ್ರಿ?" ಎಂದು ಅಳುದನಿಯಲ್ಲಿ ಕೂಗಿದಳು.

"ಹೇಳಾಕ ಬಾಯಿ ತೆಗದಿದ್ದೆ. ನೀ ಅದರಾಗ ನಿನ್ನ ಎರಡು ವರ್ಷದ ಓದು ತುರುಕಿದಿ" ಎಂದ ನೀಲವ್ವ, ಮನೆಗೆ ಹೋಗಿ ಬುಟ್ಟಿಯೊಂದನ್ನು ಹೊತ್ತು ತಂದಳು. ಮೇಲಿದ್ದ ಒದ್ದೆ ಗೋಣಿ ಸರಿಸಿದಳು. ಬೇರು, ಮಣ್ಣು ಸಮೇತ ಕಟ್ಟಿದ ಮೆಂತೆ ಆಗಷ್ಟೇ ಕಿತ್ತಂತೆ ನಗುತ್ತಿತ್ತು.

"ಮತ್ತ ಹೇಳಾಕ ಅಂಜಿಕಿ ಬಂತು. ಆದ್ರ ಬೆಳದದ್ದೆಲ್ಲಾ ಕೊಳ್ಯಾಕ ಬಿಡಾಕ ಮನಸ್ಸಾಗಲಿಲ್ಲ ನೋಡು."

ಬಂದವರು ಒಂದು ಎಲೆ ಮುರಿದು ಮೂಸಿದರು. "ಹಿಂಗೇ ಇರಬೇಕು. ನಾಳೆಯಿಂದಲೇ ಕಳಿಸ್ರಿ" ಎಂದರು. ಗಾಡಿ ಮರೆಯಾದ ಮೇಲೆ ಶಾಂಭವಿ ಕಟ್ಟೆಯ ಮೇಲೆ ಕುಸಿದು ಕೂತು, ಉಸಿರುಬಿಟ್ಟು, ಜೋರಾಗಿ ನಕ್ಕಳು.

ಕಾಲೇಜಿಗೆ ಕೊಡುವ ವರದಿಯಲ್ಲಿ ಅವಳು ಕೊಳೆತ ಕವರುಗಳ ವಿಷಯವನ್ನೂ ಬಿಡದೆ ಬರೆದಳು. ಮೇಷ್ಟ್ರು ಆ ಪುಟವನ್ನೇ ಎರಡು ಸಲ ಓದಿ ಪಾಸು ಮಾಡಿದರು.

ನೀತಿ: ಎಷ್ಟೇ ಓದಿರಿ, ಇನ್ನೊಬ್ಬರ ಮಾತು ಮುಗಿಯುವ ತನಕ ಕೇಳಿ. ಓದಿಲ್ಲದವರೇ, ನಿಮಗೂ ಒಂದು ಮಾತು: ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರಬೇಡಿ. ಎಲ್ಲ ಸಲವೂ ಮನೆಯಲ್ಲಿ ಇನ್ನೊಂದು ಬುಟ್ಟಿ ಇರುವುದಿಲ್ಲ.