ಮಗುಚಿದ ಮಣೆ

ಹೊಳೆ ದಂಡೆಯಲ್ಲಿ ಮರುಳಪ್ಪ ಪಂಡಿತರ ಆಶ್ರಮ. ಅಲ್ಲಿ ವೈದ್ಯ ಕಲಿಯಲು ಬಂದವರು ಗಟ್ಟಿ ಮಾಡಿದ ಶ್ಲೋಕ ಒಪ್ಪಿಸತೊಡಗಿದರೆ ಪಂಡಿತರು ಆಕಳಿಸುತ್ತಿದ್ದರು.

ಅವರ ಪಾಠದ ರೀತಿಯೇ ಬೇರೆ. ಬೆಳಿಗ್ಗೆ ಶಿಷ್ಯರ ಮುಂದೆ ಒಂದು ಖಾಲಿ ಮಣೆ ಹಾಕುತ್ತಿದ್ದರು. ಅದರ ಮೇಲೆ ಒಬ್ಬ ರೋಗಿ ಕೂತಿದ್ದಾನೆಂದು ಎಲ್ಲರೂ ತಿಳಿಯಬೇಕು. ಅವನಿಗೆ ಏನಾಗಿದೆಯೆಂದು ಪಂಡಿತರು ಹೇಳುತ್ತಿದ್ದರು. ಶಿಷ್ಯರು ಏನು ಬೇಕಾದರೂ ಕೇಳಬಹುದಿತ್ತು. ರೋಗಿಯ ಪರವಾಗಿ ಪಂಡಿತರದೇ ಉತ್ತರ. ಕೊನೆಗೆ ಔಷಧಿ ಹೇಳಬೇಕು.

ಔಷಧಿ ತಪ್ಪಿದರೆ ಪಂಡಿತರು ಮಣೆಯನ್ನು ಮಗುಚಿ ಹಾಕುತ್ತಿದ್ದರು. ರೋಗಿ ಸತ್ತ ಎಂದು ಅರ್ಥ.

ಹಿರಿಯ ಶಿಷ್ಯ ಕೇದಾರನಿಗೆ ಇದೆಲ್ಲ ಮಕ್ಕಳಾಟ. ಹುಡುಗ ಬುದ್ಧಿವಂತನೇ, ಕಿವಿಗಿಂತ ಬಾಯಿ ಚುರುಕು ಅಷ್ಟೇ. ಒಮ್ಮೆ ಅವನ ಉತ್ತರಕ್ಕೆ ಮಣೆ ಮಗುಚಿತು. ಅವನು ನಗುತ್ತಾ ಅದನ್ನು ದಾಟಿಕೊಂಡು ಹೋದ.

"ಹೆಣ ದಾಟಿ ಹೋಗ್ತಿದ್ದೀಯಲ್ಲೋ" ಎಂದರು ಪಂಡಿತರು.

"ಮರದ ಹಲಗೆ ಗುರುಗಳೇ! ನಾಳೆ ಮತ್ತೆ ಎದ್ದು ಕೂರುತ್ತೆ."



ಕೇದಾರನ ಕಲಿಕೆ ಮುಗಿಯುತ್ತಾ ಬಂತು. ಹೊಳೆಯಾಚೆಯ ಊರಿನವರು ಅವನನ್ನು ವೈದ್ಯನಾಗಿ ಕಳಿಸಿಕೊಡಿ ಎಂದು ಕೇಳಿದ್ದರು. ಆ ಊರಿಗೆ ಬೇರೆ ವೈದ್ಯರಿಲ್ಲ. ಹೊರಡುವ ಹಿಂದಿನ ದಿನ ಪಂಡಿತರು ಅವನೊಬ್ಬನನ್ನೇ ಕರೆದರು. ಅಂಗಳದಲ್ಲಿ ಮಣೆ ಇರಲಿಲ್ಲ.

"ರೋಗಿ ಎಲ್ಲಿ ಗುರುಗಳೇ?"

"ಒಳಗಿನ ಕೋಣೇಲಿ. ಹರೆಯದ ಹೆಂಗಸು. ಮೈ ಕಾದ ಹೆಂಚಿನ ಹಾಗೆ ಸುಡ್ತಿದೆ. ಚಳಿ, ಮೈಕೈ ನೋವು. ಏನು ಕೊಡ್ತೀಯಾ?"

"ವತ್ಸನಾಭಿ ಸೇರಿದ ಜ್ವರದ ಗುಳಿಗೆ. ಶುಂಠಿ ರಸದಲ್ಲಿ."

ವತ್ಸನಾಭಿ ಎಂದರೆ ವಿಷದ ಬೇರು. ಶುದ್ಧಿ ಮಾಡಿ ಹದವಾಗಿ ಕೊಟ್ಟರೆ ಜ್ವರ ಇಳಿಸುತ್ತದೆ. ಕೊಡಬಾರದವರಿಗೆ ಕೊಟ್ಟರೆ ಎದೆಬಡಿತವನ್ನೇ ನಿಲ್ಲಿಸುತ್ತದೆ.

"ಇನ್ನೇನಾದ್ರೂ ಕೇಳೋದಿದೆಯಾ?"

"ಜ್ವರಕ್ಕೆ ಇನ್ನೇನು ಕೇಳೋದು?"

"ಸರಿ. ಅರೆದು ತಾ."

ಕೇದಾರ ತಬ್ಬಿಬ್ಬಾದ. ಮಣೆಯ ರೋಗಿಗೆ ಯಾರೂ ಈವರೆಗೆ ಔಷಧಿ ಅರೆದದ್ದಿಲ್ಲ. ಆದರೂ ಅರೆದು ಬಟ್ಟಲಲ್ಲಿ ತಂದುಕೊಟ್ಟ. ಪಂಡಿತರು ಅದನ್ನು ಹಿಡಿದು ಕೋಣೆಗೆ ಹೋಗಿ ಅಗಳಿ ಹಾಕಿಕೊಂಡರು.

ಒಳಗಿನಿಂದ ಅವರ ಮೆಲುದನಿ ಕೇಳಿತು.

"ಸ್ವಲ್ಪ ತಲೆ ಎತ್ತಮ್ಮ."

ಕೇದಾರ ಥಟ್ಟನೆ ಬಾಗಿಲತ್ತ ತಿರುಗಿದ. ಒಳಗೆ ನಿಜವಾಗಿಯೂ ಒಬ್ಬಳಿದ್ದಾಳೆ!

ಇರಲಿ, ಔಷಧಿ ಸರಿಯಾಗಿದೆ ಎಂದುಕೊಂಡ. ಸರಿಯಾಗಿದೆಯೇ? ಅವಳ ಎದೆ ಗಟ್ಟಿಯಿದೆಯೇ? ಕೇಳಿರಲಿಲ್ಲ. ಇದೇ ಗುಳಿಗೆಯನ್ನು ಬೆಳಿಗ್ಗೆ ಬೇರೆ ಯಾರಾದರೂ ಕೊಟ್ಟಿದ್ದರೆ? ಅದನ್ನೂ ಕೇಳಿರಲಿಲ್ಲ. ಹರೆಯದ ಹೆಂಗಸು ಎಂದರಲ್ಲ, ಹಾಗಾದರೆ...

 ಹುಟ್ಟಿದಾಗಿನಿಂದ ಅವನು ಅಷ್ಟು ಹೆದರಿರಲಿಲ್ಲ. ಓಡಿಹೋಗಿ ಬಾಗಿಲು ಬಡಿದ.

"ಗುರುಗಳೇ, ಕುಡಿಸಬೇಡಿ!"

"ಯಾಕೆ?"

"ಒಂದು ಮಾತು ಕೇಳಬೇಕಿತ್ತು."

"ಕೇಳು."

"ಅವರು ಬಸುರಿಯಾ?"

"ಏಳು ತಿಂಗಳು."



"ಬೇಡ ಗುರುಗಳೇ! ಚೆಲ್ಲಿಬಿಡಿ ಅದನ್ನ! ನಿಮ್ಮ ಕಾಲು ಹಿಡೀತೀನಿ, ಬಾಗಿಲು ತೆಗೀರಿ!"

ಬಾಗಿಲು ತೆರೆಯಲಿಲ್ಲ. ಕೇದಾರ ಎರಡೂ ಕೈಯಿಂದ ಬಡಿದ. ಭುಜ ಕೊಟ್ಟು ತಳ್ಳಿದ. ಅಮ್ಮಾ, ಕುಡೀಬೇಡಿ ಎಂದು ಕಾಣದ ಆ ಹೆಂಗಸನ್ನೇ ಕೂಗಿದ. ಅಳು ಉಕ್ಕಿ ಬಂತು.

ಅಗಳಿ ಸರಿಯಿತು. ಪಂಡಿತರ ಕೈಯಲ್ಲಿದ್ದ ಬಟ್ಟಲು ಖಾಲಿಯಾಗಿತ್ತು.

ಅವನು ಅವರನ್ನು ದಾಟಿ ಒಳಗೆ ನುಗ್ಗಿದ. ಹಾಸಿಗೆ ಇಲ್ಲ, ಹೆಂಗಸೂ ಇಲ್ಲ. ನೆಲದ ಮೇಲೆ ಅದೇ ಮಣೆ. ಅವನು ಅರೆದ ಔಷಧಿ ಅದರ ಮೇಲೆಲ್ಲ ಚೆಲ್ಲಿತ್ತು.

ಕೇದಾರ ಅಲ್ಲೇ ಕುಸಿದು ಕೂತ. ಅಳುತ್ತಲೇ ನಕ್ಕ.

"ಯಾರೂ ಇರಲೇ ಇಲ್ವಲ್ಲ ಗುರುಗಳೇ! ನನ್ನ ಜೀವವೇ ಹೋಗಿತ್ತು."

ಪಂಡಿತರು ಬಗ್ಗಿ, ತಮ್ಮ ಪಂಚೆಯ ತುದಿಯಿಂದ ಮಣೆ ಒರೆಸಿದರು. 

"ಇದ್ಲು ಮಗಾ, ನಾನು ನಿನ್ನ ವಯಸ್ಸಲ್ಲಿದ್ದಾಗ, ಇದೇ ಕೋಣೇಲಿ. ಅವತ್ತು ಔಷಧಿ ಅರೆದವನು ಬಾಗಿಲು ಬಡೀಲಿಲ್ಲ."