ಮಳೆಗುಳಿಯ ಮುಚ್ಚಳ

ಮಕ್ಕಳೇ, ಕುರುಚಲು ಕಾಡು ಮುಗಿದು ಕಡಲೆಕಾಯಿ ಹೊಲ ಶುರುವಾಗುವಲ್ಲಿ ಒಂದು ಹಳ್ಳವಿತ್ತು. ಅದರ ದಡದ ಬಿಲದಲ್ಲಿ ಸಿಂಗಾರಪ್ಪ ಎಂಬ ಇಲಿ, ಅವನ ಹೆಂಡತಿ ಬೆಳ್ಳಕ್ಕ, ಮಗಳು ಮಿಣುಕಿ ವಾಸವಾಗಿದ್ದರು. ಮಿಣುಕಿ ಹುಟ್ಟಿನಿಂದಲೇ ಬಡಕಲು. ಸ್ವಲ್ಪ ಥಂಡಿ ತಗುಲಿದರೂ ಕೆಮ್ಮುತ್ತಿದ್ದಳು.

ಮಳೆಗಾಲದಲ್ಲಿ ಹಳ್ಳ ತುಂಬಿ ಬಿಲಕ್ಕೆ ನೀರು ನುಗ್ಗುತ್ತಿತ್ತು. ಪ್ರತಿ ವರ್ಷವೂ ನುಗ್ಗುತ್ತಿತ್ತು. ಆಗ ದಡದ ಇಲಿಗಳೆಲ್ಲ ಗುಡ್ಡದ ಮೇಲಿನ ಮುಳ್ಳುಹಂದಿ ಅಜ್ಜನ ಗವಿ ಸೇರುತ್ತಿದ್ದವು. ಮನೆಗೆ ಒಂದು ಗುಳಿ ಕಡಲೆಕಾಯಿ ಬಾಡಿಗೆ. ಅಜ್ಜನಿಗೆ ವಯಸ್ಸಾಗಿತ್ತು, ಮಳೆಯಲ್ಲಿ ಗೆಡ್ಡೆ ಅಗೆಯಲು ಆಗುತ್ತಿರಲಿಲ್ಲ. ಆ ಬಾಡಿಗೆಯೇ ಅವನ ಮಳೆಗಾಲದ ಊಟ.

ಹಾಗಾಗಿ ಕೊಯ್ಲು ಮುಗಿದ ಕೂಡಲೇ ಎಲ್ಲರೂ ಬಾಡಿಗೆಗೆಂದು ಒಂದು ಗುಳಿ ತುಂಬಿ, ಜೇಡಿಮಣ್ಣಿನಿಂದ ಮುಚ್ಚಿಬಿಡುತ್ತಿದ್ದರು. ಅದಕ್ಕೆ ಮಳೆಗುಳಿ ಎಂದು ಹೆಸರು. ಮಳೆ ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ಕೊಯ್ಲಿನ ಹುಣ್ಣಿಮೆಯ ಊಟ ಸಿಂಗಾರಪ್ಪನ ಮನೆಯಲ್ಲಿ.

“ರೀ, ಸಾಕು, ಅಷ್ಟೊಂದು ತೆಗೀಬೇಡಿ. ನಾವು ವರ್ಷವಿಡೀ ತಿನ್ನಬೇಕು,” ಎಂದಳು ಬೆಳ್ಳಕ್ಕ.

“ಹೋದ ವರ್ಷ ನಿನ್ನ ತಮ್ಮ ಡೊಳ್ಳಯ್ಯ ಎಲೆ ತುಂಬ ಬಡಿಸಿದ್ದ. ನಾನು ಎಣಿಸಿ ಕೊಟ್ಟರೆ ದಡವೆಲ್ಲ ಆಡಿಕೊಂಡು ತಿರುಗ್ತಾನೆ.”

ನೆಂಟರು ಬಂದರು, ಕುಳಿತರು, ತಿಂದರು. ಊಟದ ನಡುವೆಯೇ ಉಗ್ರಾಣದ ತಳ ಕಂಡಿತು.

“ಏನು ಭಾವ, ಇಷ್ಟಕ್ಕೇ ಮುಗೀತಾ?” ಎಂದು ಡೊಳ್ಳಯ್ಯ ಎಲೆ ತಟ್ಟಿದ. ಎಲ್ಲರೂ ನಕ್ಕರು.

ಸಿಂಗಾರಪ್ಪ ಎದ್ದು ಒಳಗೆ ಹೋದ. ಮಳೆಗುಳಿಯ ಮುಚ್ಚಳವನ್ನು ಒಂದು ಮೂಲೆಯಲ್ಲಿ ಕೆರೆದು, ಬೇಕಾದಷ್ಟು ತೆಗೆದ. ಒದ್ದೆ ಮಣ್ಣು ಮೆತ್ತಿ, ಬಾಲದಿಂದ ಸವರಿದ. “ಆಮೇಲೆ ತುಂಬಿದರಾಯಿತು” ಎಂದುಕೊಂಡ. ಹೊಲದಲ್ಲಿ ಆಗಲೇ ಬರೀ ಮಣ್ಣಿತ್ತು. ಎಲ್ಲಿಂದ ತಂದು ತುಂಬುವುದು ಎಂದು ಯೋಚಿಸಲಿಲ್ಲ.

ಅಂದಿನಿಂದ ಮೂವರೂ ಕಾಡಿನ ಬೀಜ, ಬೇರು ಹೆಕ್ಕಿ ತಿಂದು ದಿನ ದೂಡಿದರು. ಮತ್ತೆ ಯುಗಾದಿಗೆ ನೆಂಟರು ಬಂದರು. ಆಮೇಲೆ ಡೊಳ್ಳಯ್ಯನ ಮಗುವಿನ ನಾಮಕರಣಕ್ಕೆ ಉಡುಗೊರೆ ಕೊಡಬೇಕಾಯಿತು. ಪ್ರತಿ ಸಲವೂ ಸಿಂಗಾರಪ್ಪ ಆ ಮೂಲೆ ಕೆರೆದ, ಪ್ರತಿ ಸಲವೂ ಸವರಿದ. ಕೈ ಪಳಗಿ ಮುಚ್ಚಳ ಮೊದಲಿಗಿಂತ ನುಣುಪಾಯಿತು.

ಬೆಳ್ಳಕ್ಕ ಅದನ್ನು ಮಗಳಿಗೆ ತೋರಿಸುತ್ತಿದ್ದಳು. “ನೋಡು ಮಿಣುಕಿ, ನಮ್ಮ ಮಳೆಗುಳಿ. ಈ ಸಲ ಅಜ್ಜನ ಹತ್ತಿರ ಒಳಮೂಲೆ ಕೇಳೋಣ. ಅಲ್ಲಿ ಬೆಚ್ಚಗಿರುತ್ತೆ, ನಿನಗೆ ಕೆಮ್ಮು ಬರಲ್ಲ.”

ಸಿಂಗಾರಪ್ಪ ಕೇಳಿಸಿಕೊಂಡು ಮೀಸೆ ತೀಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಮಳೆ ಶುರುವಾಯಿತು.

“ಅಯ್ಯೋ, ಇಷ್ಟು ಬೇಗ ಬಂತಲ್ಲ!” ಎಂದ ಸಿಂಗಾರಪ್ಪ.

“ಬೇಗ ಏನು ಬಂತು? ಪ್ರತಿ ವರ್ಷ ಬರೋ ಹೊತ್ತಿಗೇ ಬಂದಿದೆ. ಏಳಿ, ಗುಳಿ ಒಡೀರಿ.”

ಅವನು ಏಳಲಿಲ್ಲ. ಬೆಳ್ಳಕ್ಕನೇ ಮುಚ್ಚಳ ಒಡೆದಳು. ಒಳಗೆ ಒಂದಿಷ್ಟು ಸಿಪ್ಪೆ ಇತ್ತು.

ಅವಳು ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ, ಬಾಗಿಲಿಗೆ ನೀರು ಬಂದಿತ್ತು. ಮಿಣುಕಿಯನ್ನು ಬಾಯಲ್ಲಿ ಕಚ್ಚಿಕೊಂಡು ಗುಡ್ಡಕ್ಕೆ ಓಡಿದಳು. ಸಿಂಗಾರಪ್ಪ ಹಿಂದೆ ಓಡಿದ.

ಗವಿಯ ಬಾಯಲ್ಲಿ ಅಜ್ಜ ಕೂತಿದ್ದ. “ಬಾಡಿಗೆ ಎಲ್ಲಪ್ಪ?”

“ಕೊಯ್ಲಿಗೆ ಎರಡರಷ್ಟು ಕೊಡ್ತೀನಿ ಅಜ್ಜ.”

“ಕೊಯ್ಲಿನವರೆಗೆ ನಾನು ಏನು ತಿನ್ನಲಿ? ಹೋದ ವರ್ಷ ಒಬ್ಬ ಹೀಗೇ ಹೇಳಿ ಬಂದ. ಮಳೆ ನಿಂತ ಮೇಲೆ ಈ ಕಡೆ ತಲೆ ಹಾಕಲಿಲ್ಲ. ನಾನು ಉಪವಾಸ ಬಿದ್ದೆ.”

ಬೆಳ್ಳಕ್ಕ ಒಳಗೆ ಇಣುಕಿ ತಮ್ಮನನ್ನು ಕರೆದಳು. “ಡೊಳ್ಳಯ್ಯ, ಮಗು ನೆನೀತಿದೆ ಕಣೋ. ಸ್ವಲ್ಪ ಜಾಗ ಕೊಡು.”

“ನಮಗೇ ಕಾಲು ಚಾಚೋಕೆ ಆಗ್ತಿಲ್ಲ ಅಕ್ಕ,” ಎಂದ ಡೊಳ್ಳಯ್ಯ. ಆಮೇಲೆ ಭಾವನ ಮುಖ ನೋಡಿ, “ಹುಣ್ಣಿಮೆ ಊಟ ಮಾತ್ರ ಭರ್ಜರಿಯಾಗಿತ್ತು ಭಾವ,” ಎಂದ.

ಮೂವರೂ ಗವಿಯ ಹೊರಗೆ ಒಂದು ಬಂಡೆಯ ಪಕ್ಕದಲ್ಲಿ ಕೂತರು. ಮಳೆ ನಿಲ್ಲಲಿಲ್ಲ. ಮಿಣುಕಿ ಕೆಮ್ಮುತ್ತಲೇ ಇದ್ದಳು.

ಸಂಜೆಗೆ ಅಜ್ಜನ ಮನಸ್ಸು ತಡೆಯಲಿಲ್ಲ. ಮುಳ್ಳುಗಳನ್ನು ಮಡಚಿಕೊಂಡು ಪಕ್ಕಕ್ಕೆ ಸರಿದು ಕೂಗಿದ: “ಆ ಮಗುವನ್ನಾದರೂ ಒಳಗೆ ಕೊಡಮ್ಮ.”

ಬೆಳ್ಳಕ್ಕ ಅಲ್ಲಾಡಲಿಲ್ಲ. ಕೆಮ್ಮು ನಿಂತು ಆಗಲೇ ಬಹಳ ಹೊತ್ತಾಗಿತ್ತು.

ಮುಂದಿನ ಕೊಯ್ಲಿನಲ್ಲಿ ಸಿಂಗಾರಪ್ಪ ಎಲ್ಲಕ್ಕಿಂತ ಮೊದಲು ಮಳೆಗುಳಿ ತುಂಬಿದ. ಹುಣ್ಣಿಮೆಗೆ ಯಾರನ್ನೂ ಕರೆಯಲಿಲ್ಲ. ಆ ವರ್ಷ ಗುಳಿಯೂ ತುಂಬಿತು, ಉಗ್ರಾಣದಲ್ಲೂ ಉಳಿಯಿತು. ಮನೆಯಲ್ಲಿ ತಿನ್ನುವ ಬಾಯಿ ಒಂದು ಕಡಿಮೆಯಿತ್ತು.

ನೀತಿ: ವರ್ಷ ವರ್ಷ ಬರುವ ಖರ್ಚಿಗೆ ಮೊದಲು ತೆಗೆದಿಡಬೇಕು, ಉಳಿದದ್ದರಲ್ಲಿ ಹಬ್ಬ ಮಾಡಬೇಕು. ತೆಗೆದಿಟ್ಟದ್ದನ್ನು ಒಬ್ಬರು ಕದ್ದು ಮುಟ್ಟಿದರೆ, ಅದರ ಬೆಲೆಯನ್ನು ಮುಟ್ಟದವರು ತೆರಬೇಕಾಗುತ್ತದೆ.