ಹದಿಮೂರನೆಯ ಎಲೆ

ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಚಂದಯ್ಯ ಗುರುಗಳು ಗಣಿತ ಕಲಿಸುತ್ತಿದ್ದರು. ಗುರುಗಳೂ ಸೇರಿ ಒಟ್ಟು ಹನ್ನೆರಡು ಜನ.

ಆಶ್ರಮಕ್ಕೊಂದು ಹಳೆಯ ಕಟ್ಟಳೆಯಿತ್ತು. ಊಟಕ್ಕೆ ಕೂತಾಗ ಸಾಲುಗಳು ಸಮನಾಗಿರಬೇಕು. ಕಡಿಮೆಯೆಂದರೆ ಎರಡು ಸಾಲು, ಸಾಲಿಗೆ ಇಬ್ಬರಾದರೂ ಬೇಕು. ಯಾರೂ ಒಂಟಿಯಾಗಿ ಉಣ್ಣಬಾರದೆಂದು ಹಿಂದಿನವರು ಮಾಡಿದ್ದಂತೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕಟ್ಟಳೆಗಳೇ ಮುಂದೆ ಹೆಚ್ಚು ಸತಾಯಿಸುವುದು.

ಹನ್ನೆರಡು ಜನಕ್ಕೆ ತಾಪತ್ರಯವಿರಲಿಲ್ಲ. ಆರಾರು ಜನರ ಎರಡು ಸಾಲು. ಆಮೇಲೆ ಇರುಗಪ್ಪ ಬಂದ.

ಅವನಿಗೆ ನಲವತ್ತರ ಹತ್ತಿರ ವಯಸ್ಸು. ಒಂದೇ ಬೇಸಿಗೆಯ ಜ್ವರದಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹೋಗಿದ್ದರು. ಖಾಲಿ ಮನೆಯಲ್ಲಿ ಇರಲಾರದೆ ವಿದ್ಯೆ ಬೇಡಿಕೊಂಡು ಬಂದ. ಗುರುಗಳು ಇರು ಎಂದರು.

ಎಲೆ ಹಾಕುವುದು ಹಿರಿಯ ಶಿಷ್ಯ ಪದ್ಮಣ್ಣನ ಕೆಲಸ. ಅವನು ಎರಡು ಸಾಲು ಹಾಕಿ ನೋಡಿದ, ಒಂದು ಎಲೆ ಉಳಿಯಿತು. ಮೂರು ಸಾಲು ಹಾಕಿದ, ಒಂದು ಉಳಿಯಿತು. ನಾಲ್ಕು ಸಾಲಿಗೂ ಒಂದು ಉಳಿಯಿತು. ಕೊನೆಗೆ ಹದಿಮೂರನೆಯ ಎಲೆಯನ್ನು ಹೊರಗೆ ಜಗಲಿಯ ಮೇಲೆ ಹಾಕಿದ. ಕೊನೆಗೆ ಬಂದವನು ಇರುಗಪ್ಪ, ಎಲೆ ಅವನದಾಯಿತು.

ಯಾರಿಗೂ ಅವನ ಮೇಲೆ ಕೋಪವಿರಲಿಲ್ಲ. ತುಪ್ಪವನ್ನು ಅವನಿಗೇ ಮೊದಲು ಬಡಿಸುತ್ತಿದ್ದರು. ಆದರೆ ಒಳಗಿನ ಮಾತು, ನಗು ಗೋಡೆಯ ಆಚೆಯಿಂದ ಕೇಳುವಾಗ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಅಲ್ಲೂ ಒಬ್ಬನೇ ಇದ್ದೆ, ಇಲ್ಲೂ ಒಬ್ಬನೇ ಎಂದುಕೊಳ್ಳುತ್ತಿದ್ದ. ಹೀಗೆ ಏಳು ತಿಂಗಳಾಯಿತು.

ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ನಾನು ಹೊರಟರೆ ಮತ್ತೆ ಹನ್ನೆರಡಾಗುತ್ತದೆ, ಗುರುಗಳೇ. ಎಲ್ಲರಿಗೂ ಸುಸೂತ್ರ. ಅಪ್ಪಣೆ ಕೊಡಿ."

ಗುರುಗಳು ಬೇಡವೆನ್ನಲಿಲ್ಲ. ನೂರರೊಳಗೆ ಹೀಗೆ ಸಮಸಾಲಿನಲ್ಲಿ ಕೂರಲಾರದ ಸಂಖ್ಯೆಗಳು ಎಷ್ಟಿವೆಯೋ ಎಣಿಸಿ ಹೇಳಿ ಹೋಗು ಎಂದರು.

ಇರುಗಪ್ಪ ಒಂದು ಚೀಲ ಹುಣಸೆಬೀಜ ತೆಗೆದುಕೊಂಡು ಹೊಳೆಯ ಮರಳಿನ ಮೇಲೆ ಕೂತ. ನೂರರವರೆಗೆ ಮರಳಲ್ಲಿ ಬರೆದ. ಎರಡನ್ನು ಉಳಿಸಿಕೊಂಡು, ಎರಡೆರಡಾಗಿ ಹಂಚಿಹೋಗುವುದನ್ನೆಲ್ಲ ಅಳಿಸಿದ. ಹಾಗೆಯೇ ಮೂರರದು, ಐದರದು. ಅನುಮಾನ ಬಂದಲ್ಲಿ ಬೀಜ ಜೋಡಿಸಿ ನೋಡಿದ.

ತೊಂಬತ್ತೊಂದು ಅವನನ್ನು ಬಹಳ ಕಾಡಿತು. ಎರಡಕ್ಕೂ ಒಗ್ಗಲಿಲ್ಲ, ಮೂರಕ್ಕೂ ಐದಕ್ಕೂ ಒಗ್ಗಲಿಲ್ಲ. ನನ್ನಂಥದ್ದೇ ಇದು ಎಂದು ಅದರ ಮೇಲೆ ಅಕ್ಕರೆ ಹುಟ್ಟಿತ್ತು. ಏಳು ಸಾಲು ಮಾಡಿದಾಗ ಸಾಲಿಗೆ ಹದಿಮೂರರಂತೆ ನೆಟ್ಟಗೆ ಕೂತುಬಿಟ್ಟಿತು. ಆ ಸಂಖ್ಯೆಯನ್ನು ಅಳಿಸುವಾಗ ಅವನಿಗೆ ಅಳು ಬಂತು.

ಮೂರನೆಯ ದಿನ ಗುರುಗಳ ಬಳಿ ಹೋದ.

"ಇಪ್ಪತ್ತಾರು, ಗುರುಗಳೇ."

"ಮೊದಲನೆಯದು ಯಾವುದು?"

"ಒಂದು."

"ಅದನ್ನು ತೆಗೆ. ಇಪ್ಪತ್ತೈದು."

ಏಳು ತಿಂಗಳಲ್ಲಿ ಮೊದಲ ಸಲ ಇರುಗಪ್ಪನ ದನಿ ಏರಿತು. "ಬೇರೆ ಯಾವುದನ್ನಾದರೂ ತೆಗೆಯಿರಿ. ಒಂದನ್ನು ತೆಗೆಯಬೇಡಿ. ಅದಕ್ಕಿಂತ ಒಂಟಿ ಯಾವುದಿದೆ?"

ಗುರುಗಳು ಕೇಳಿದರು, "ಹದಿಮೂರನ್ನು ಭಾಗಿಸುವವು ಎಷ್ಟು?"

"ಎರಡು. ಒಂದು, ಮತ್ತೆ ಅದೇ ಹದಿಮೂರು."

"ಏಳನ್ನು?"

"ಎರಡೇ."

"ಒಂದನ್ನು?"

ಇರುಗಪ್ಪ ಕೈಯಲ್ಲಿದ್ದ ಬೀಜವನ್ನು ನೋಡಿದ. "ಅದೊಂದೇ."

"ಹಾಗಾದರೆ ಅದು ಆ ಗುಂಪಿನದಲ್ಲ."

"ಸಾಲಿನಲ್ಲಿ ಕೂರುವ ಗುಂಪಿಗೂ ಅದು ಸೇರದು, ಕೂರದ ಗುಂಪಿಗೂ ಸೇರದು. ಹಾಗಿದ್ದರೆ ಅದು ಎಲ್ಲಿಗೆ ಹೋಗಬೇಕು, ಗುರುಗಳೇ?" ಇರುಗಪ್ಪ ಸಂಖ್ಯೆಯ ಮಾತಾಡುತ್ತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಒಂದರಿಂದ ಭಾಗವಾಗದ ಸಂಖ್ಯೆಯೊಂದನ್ನು ತಂದು ತೋರಿಸು. ಆಮೇಲೆ ಹೇಳುತ್ತೇನೆ."

ಅಂಥ ಸಂಖ್ಯೆ ಇಲ್ಲವೆಂದು, ಒಂದು ಎಲ್ಲದರೊಳಗೂ ಇದೆಯೆಂದು ಇರುಗಪ್ಪನಿಗೆ ಗೊತ್ತಿತ್ತು.

"ಲೆಕ್ಕ ಸರಿ," ಎಂದ ಮೆಲ್ಲಗೆ. "ಆದರೆ ನನಗಿದು ಊಟಕ್ಕಿಲ್ಲದ ಉಪ್ಪಿನಕಾಯಿ. ಗಂಟೆ ಹೊಡೆದರೆ ಮತ್ತೆ ನಾನೊಬ್ಬನೇ ಕೂರಬೇಕು."

ಗುರುಗಳು ಹೊಳೆಯ ಕಡೆ ನೋಡುತ್ತ ಕೂತರು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಉಂಡು ಹೋಗು ಎಂದು ಹೇಳಿ ಒಳಗೆ ನಡೆದರು.

ಇರುಗಪ್ಪ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಎಲೆಯ ಮುಂದೆ ಕೂತ. ಇದೇ ಕೊನೆಯ ಊಟವೆಂದುಕೊಂಡ.

ಯಾರೋ ಹೊರಗೆ ಬಂದ ಸದ್ದಾಯಿತು. ಗುರುಗಳು. ಒಂದು ಕೈಯಲ್ಲಿ ತಮ್ಮ ಎಲೆ, ಇನ್ನೊಂದರಲ್ಲಿ ನೀರಿನ ಚೊಂಬು. ಅವನ ಪಕ್ಕದಲ್ಲಿ ಕೂತು ಎಲೆಗೆ ನೀರು ಚಿಮುಕಿಸಿದರು.

"ಏಳು ತಿಂಗಳು ತಡವಾಯಿತು," ಎಂದರು. ಅವನ ಮುಖ ನೋಡಲು ಅವರಿಗೆ ನಾಚಿಕೆಯಾಗಿತ್ತು.

ಇರುಗಪ್ಪ ಪಕ್ಕದಲ್ಲಿದ್ದ ಗಂಟನ್ನು ಆಚೆ ಸರಿಸಿದ.

ಒಳಗೆ ಎಲೆ ಎಳೆದಾಡುವ ಸದ್ದು. ಎರಡು ಸಾಲು ಹಾಕಿದರು, ತೆಗೆದರು. ಮೂರು ಹಾಕಿದರು, ತೆಗೆದರು. ಸ್ವಲ್ಪ ಹೊತ್ತಿಗೆ ಪದ್ಮಣ್ಣ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದ.

"ಗುರುಗಳೇ, ತಾವು ಎದ್ದು ಬಂದಿರಿ. ಈಗ ಒಳಗೆ ಹನ್ನೊಂದು ಜನ. ಹೇಗೆ ಕೂರಿಸಿದರೂ ಸಾಲು ಕೂಡುತ್ತಿಲ್ಲ, ಒಬ್ಬನಾದರೂ ಹೆಚ್ಚಾಗುತ್ತಾನೆ. ಯಾರನ್ನು ಎಬ್ಬಿಸಲಿ?"

ಗುರುಗಳು ತಲೆಯೆತ್ತಲಿಲ್ಲ.

"ಹನ್ನೊಂದರಲ್ಲಿ ಹೆಚ್ಚಾದವನು ಯಾರು ಎಂದು ಹುಡುಕು, ಪದ್ಮಣ್ಣ. ಸಿಕ್ಕರೆ ಅವನನ್ನು ಎಬ್ಬಿಸು."